ಸೊಸೆ ಕೂರುವ ಕುರ್ಚಿ

ಹೆಗ್ಗಡದೇವನಕೋಟೆ ಬಸ್ ನಿಲ್ದಾಣದಲ್ಲಿ ಕೂತಿದ್ದ ಸುನಂದಮ್ಮನ ಕಿವಿಗೆ ಪಕ್ಕದ ಜಗಳ ಬಿತ್ತು. ಗರಗಸದ ಚೀಲ ಹಿಡಿದ ಬಡಗಿಯನ್ನು ಬಿಳಿ ಪಂಚೆಯ ಯಜಮಾನನೊಬ್ಬ ತಡೆದು ನಿಲ್ಲಿಸಿದ್ದ.

“ಡೈನಿಂಗ್ ಟೇಬಲ್ದು ಒಂದು ಕುರ್ಚಿ ಬೆನ್ನ ಗೇಣುದ್ದ ಕುಯ್ದಾಕು ಆಚಾರಿ.”

“ಯಾಕೆ ಗೌಡ್ರೇ? ಎತ್ತರದ ಬೆನ್ನೇ ಬೇಕು ಅಂತ ನೀವೇ ಮಾಡಿಸಿದ್ರಿ. ಆರೂ ಒಂದೇ ಅಳತೆ.”

“ಅದೇ ತಪ್ಪಾಗಿರೋದು. ಸೊಸೆ ಕೂತ್ರೆ ನನ್ನ ಸಮಕ್ಕೆ ಕಾಣ್ತಾಳೆ. ನೋಡ್ದೋರು ಏನಂದಾರು?”

“ಊಟ ಮಾಡ್ತಾವ್ಳೆ ಅಂತಾರೆ!” ಬಡಗಿಯ ದನಿ ಏರಿತು. “ತಿಂಗ್ಳು ಕೂತು ಬಳ್ಳಿ ಕೆತ್ತಿವ್ನಿ. ಅದರ ಕತ್ತು ಕುಯ್ಯೋ ಕೈ ನಂದಲ್ಲ.”

“ಬೇರೆಯೋರ್ನ ಕರೀತೀನಿ.”

“ಕರೀರಿ. ಅವ್ನಿಗೂ ಇದೇ ಕಾರಣ ಬಾಯ್ಬುಟ್ಟು ಹೇಳಿ, ನೋಡಾನ.”

ಅಂತರಸಂತೆ ಬಸ್ಸು ಬಂತು. ಬಡಗಿ ಹತ್ತಿದ. ಯಜಮಾನ ಸುತ್ತಲೂ ನೋಡಿದ. ದಿಟ್ಟಿಸುತ್ತಿದ್ದ ಸುನಂದಮ್ಮ ಕಣ್ಣು ತಗ್ಗಿಸಲಿಲ್ಲ. ಅವನೇ ಮುಖ ತಿರುಗಿಸಿಕೊಂಡು ನಡೆದ.