ಕೋವಿಯೊಳ್ಗೆ ಗುಂಡ್ ಇತ್ತಾ?

ಬಾಗಿಲು ಸ್ವಲ್ಪ ಮುಂದೆ ಮಾಡಿ ಮರಾಯ್ರೆ, ಚಳಿಗಾಳಿ ಒಳಗೆ ಬರ್ತದೆ. ನಗುವವರು ಈಗಲೇ ನಕ್ಕು ಮುಗಿಸಿ, ನಡುವೆ ನಕ್ಕರೆ ನಾನು ಎದ್ದು ಹೋಗುವವನೇ. ಇದು ನನ್ನ ಚಿಕ್ಕಮ್ಮನ ಮಗ ರಾಜೀವನಿಗೆ ಆದದ್ದು. ಬಸ್ರೂರಿನ ರಾಜೀವ. ಸಿನಿಮಾದವರು ನಮ್ಮ ಕಡೆ ಶೂಟಿಂಗಿಗೆ ಬಂದರೆ ಮನೆ, ದೋಣಿ, ಊಟ, ಗುಂಪಲ್ಲಿ ನಿಲ್ಲುವ ಜನ, ಎಲ್ಲ ಹೊಂದಿಸಿ ಕೊಡುವವನು ಅವನೇ.

ಎರಡು ಸಾವಿರದ ನಾಲ್ಕನೇ ಇಸವಿ. ನಾವುಂದದಲ್ಲಿ ವನಜನ ಮನೆಯಿಂದ ರಾತ್ರಿ ಹೊರಟಿದ್ದಾನೆ. ಬೈಕು ಹೆದ್ದಾರಿ ಬದಿಯಲ್ಲೇ ಬಿಟ್ಟಿದ್ದ, ಹೊಯ್ಗೆಯಲ್ಲಿ, ಅಂದರೆ ಮರಳಲ್ಲಿ, ಚಕ್ರ ಹೂತು ಹೋಗ್ತದೆ ಅಂತ. ಓಣಿಯಲ್ಲಿ ನಡೆದು, ಹಾಳು ಬಾವಿ ದಾಟಿದರೆ ರಸ್ತೆ. ಕರೆಂಟಿಲ್ಲ. ಕಡಲು ಧೋ... ಧೋ... ಅಂತಿದೆ. ಅವನ ಚಪ್ಪಲಿ ಚರ್, ಪರ್, ಚರ್, ಪರ್.

ಮನಸ್ಸು ಸರಿ ಇಲ್ಲ. ಆಗಷ್ಟೇ ವನಜನಿಗೆ ಸುಳ್ಳು ಹೇಳಿ ಬಂದಿದ್ದ.

ಈ ವನಜನ ಗಂಡ ಸೋಮ. ದೋಣಿಗೆ ಹೋಗುವವ, ಹಿಂದಿನ ವರ್ಷ ಶೂಟಿಂಗಲ್ಲಿ ಸತ್ತ. ಈಗ ಸೋಮನ ತಮ್ಮ ಯತೀಶನಿಗೆ ಇನ್ನೊಂದು ಸಿನಿಮಾದಲ್ಲಿ ಸಣ್ಣ ಪಾರ್ಟು, ಬೆಳಿಗ್ಗೆ ಕಡಲ ಬದಿಯಲ್ಲಿ. ಕೊಡಿಸಿದ್ದು ರಾಜೀವನೇ, ಆ ಮನೆಗೊಂದು ಉಪಕಾರ ಆಗಲಿ ಅಂತ. ವನಜ ಬಾಗಿಲಲ್ಲಿ ನಿಂತು, ಒಳಗೆ ಮಲಗಿದ ಮೈದುನನಿಗೆ ಕೇಳದ ಹಾಗೆ ಕೇಳಿದಳು.

"ಈ ಸಿನ್ಮಾದೊಳ್ಗೆ ಕೋವಿ ಇತ್ತಾ?"

"ಇಲ್ಲೆ."

"ಖರೆ ಹೇಳಿ."

"ಇಲ್ಲೆ ಮರಾಯ್ತಿ. ಬರೀ ಓಡುದ್ ಅಷ್ಟೆ."

ಯತೀಶ ಓಡುವುದು ಹೌದು. ಆದರೆ ಹಿಂದಿನಿಂದ ಹೀರೋ ಕೋವಿ ಹಿಡಿದು ಹೊಡೆಯುವುದೂ ಹೌದು. 'ಡಮ್ಮಿ ಬಿಡಿ, ಏನೂ ಆಗಲ್ಲ' ಅಂದಿದ್ದರು ಸಿನಿಮಾದವರು. ರಾಜೀವ ಬಿಟ್ಟ. ಕೋವಿ ಮುಟ್ಟಿಯೂ ನೋಡಿರಲಿಲ್ಲ.

ಸೋಮ ಸತ್ತದ್ದು ಹೇಗೆ ಅಂತ ಇಲ್ಲಿ ಹೇಳಿಬಿಡ್ತೇನೆ. ಬಸ್ರೂರಿನ ಹೊಳೆ ಬದಿಯಲ್ಲಿ ಶೂಟಿಂಗು. ಬೆಂಗಳೂರಿಂದ ಬರಬೇಕಾದ ನಕಲಿ ಕೋವಿ ಬರಲಿಲ್ಲ. ಡೈರೆಕ್ಟರಿಗೆ ತಡೆಯಲಿಕ್ಕೆ ಆಗುವುದಿಲ್ಲ. ರಾಜೀವ ಹೋಗಿ, ಗದ್ದೆಗೆ ಬರುವ ಹಂದಿ ಓಡಿಸಲಿಕ್ಕೆ ಒಬ್ಬರು ಇಟ್ಟುಕೊಂಡಿದ್ದ ತೋಟೆ ಕೋವಿ ತಂದ. ತಂದು ಗಟ್ಟದ ಮೇಲಿನ ಅಸಿಸ್ಟೆಂಟ್ ಹುಡುಗನ ಕೈಗೆ ಕೊಟ್ಟ. ಆ ಹುಡುಗ ಕೇಳಿದ, "ಗುಂಡು ಇದೆಯಾ?" ರಾಜೀವನಿಗೆ ತಿಂಡಿಯ ಟೆಂಪೋ ಬರಲಿಲ್ಲ ಅಂತ ತಲೆಬಿಸಿ. "ಇತ್ತ್" ಅಂದ. ಅಂದವನೇ ಟೆಂಪೋ ಹುಡುಕಿಕೊಂಡು ಹೋದ.

ನೋಡಿ, ನಮ್ಮ ಕುಂದಾಪ್ರ ಕಡೆ ಇತ್ತ್ ಅಂದರೆ ಇದೆ. ಗಟ್ಟ ಹತ್ತಿದರೆ ಅದೇ ಮಾತಿಗೆ ಮೊದಲು ಇದ್ದಿತ್ತು, ಈಗ ಇಲ್ಲ ಅಂತ ಅರ್ಥ. ಆ ಹುಡುಗ ಅವನ ಕನ್ನಡದಲ್ಲಿ ಕೇಳಿಸಿಕೊಂಡ. ಹೀರೋನ ಕೈಗೆ ಕೊಟ್ಟ. ಎದುರು ನಿಂತವ ಸೋಮ. ಢಂ...

ಆಮೇಲೆ ಊರವರೆಲ್ಲ ರಾಜೀವನ ಪರ. "ನೀ ಇತ್ತ್ ಅಂದಿದ್ಯಲೆ, ನಿಂದೆಂತ ತಪ್ಪ್?" ಅಂದರು. ಸಿನಿಮಾದವರೂ ಅವರ ಹುಡುಗನಿಗೆ ಅದನ್ನೇ ಅಂದರು. ಇವ ಹೇಳಿದ್ದೂ ಸರಿ, ಅವ ಕೇಳಿದ್ದೂ ಸರಿ ಅಂತ ಆಯಿತು. ಕೋವಿ ಮಡಚಿ ಒಳಗೆ ಒಮ್ಮೆ ಕಣ್ಣು ಹಾಕಿದವ ಮಾತ್ರ ಆ ಬಯಲಿನಲ್ಲಿ ಒಬ್ಬನೂ ಇರಲಿಲ್ಲ. ನನಗೆ ಈಗ ಹೇಳುವಾಗಲೂ ಸಿಟ್ಟು ಬರ್ತದೆ.

ಇರಲಿ. ಓಣಿಗೆ ಬರುವಾ.

ಬಾವಿ ಹತ್ತಿರ ಬಂತು. ಕಿರ್ರ್... ಕಿರ್ರ್... ರಾಟೆ ತಿರುಗುವ ಶಬ್ದ. ಆ ಬಾವಿಗೆ ರಾಟೆಯೇ ಇಲ್ಲ, ಯಾವ ಕಾಲಕ್ಕೋ ಬಿಚ್ಚಿಕೊಂಡು ಹೋಗಿದ್ದರು. ಕಟ್ಟೆಯ ಆಚೆ ಒಬ್ಬ ಬೆನ್ನು ಹಾಕಿ ನಿಂತಿದ್ದಾನೆ. ಉಸಿರಿನಷ್ಟೇ ಸಣ್ಣ ಸ್ವರ.

"ಹ್ವಾಯ್... ರಾಜೀವಣ್ಣ... ಇತ್ತಾ?"

ಸೋಮನ ಸ್ವರ. ರಾಜೀವ ತಿರುಗಿ ನೋಡಲಿಲ್ಲ. ಬೀಸ ಬೀಸ ನಡೆದ. ಓಣಿ ತಿರುಗಿತು. ರಸ್ತೆ ಬರಬೇಕು... ಬಂದದ್ದು ಬಾವಿ. ದಾರಿ ತಪ್ಪಿತೇನೋ ಅಂತ ವನಜನ ಮನೆ ಕಡೆಗೇ ವಾಪಸು ಓಡಿದ. ಮತ್ತೆ ಬಾವಿ. ಎರಡೂ ಬದಿ ಮುಳ್ಳಿನ ಬೇಲಿ. ಬೇಲಿ ಹಾರುವಾ ಅಂದರೆ ಕಾಲು ಹೊಯ್ಗೆಯಿಂದ ಮೇಲೆ ಬರುವುದಿಲ್ಲ, ಒಳಗಿಂದ ಯಾರೋ ಹಿಡಿದ ಹಾಗೆ.

"ಇತ್ತಾ?"

"ಇಲ್ಲೆ" ಅಂದ ರಾಜೀವ. ಬಾಯಿಗೆ ಬಂದದ್ದು ಅದೇ.

ಟಕ್.

ಕಿವಿಯ ಹಿಂದೆಯೇ. ಕೋವಿಯ ಕುದುರೆ ಎಳೆಯುವ ಶಬ್ದ. ಕೇಳಿದವರಿಗೆ ಅದು ಗೊತ್ತಾಗ್ತದೆ.

"ಇತ್ತಾ?"

"ಇತ್ತ್... ಇತ್ತ್ ಸೋಮ..."

ಟಕ್.

ಇಲ್ಲೆ ಅಂದರೂ ಅದೇ, ಇತ್ತ್ ಅಂದರೂ ಅದೇ. ಗಂಡಸು ಅಳಲಿಕ್ಕೆ ಶುರು ಮಾಡಿದ. "ನಾ ಆವತ್ತ್ ಸರಿಯೇ ಹೇಳಿದೆ ಮರಾಯ. ಅವಂಗೆ ಅರ್ಥ ಆಯ್ಲಿಲ್ಲೆ. ನಾ ಎಂತ ಮಾಡೂದ್?"

ಕಿರ್ರ್... ಕಿರ್ರ್... ರಾಟೆ ಮಾತ್ರ. ಹೊಯ್ಗೆ ಮೊಣಕಾಲಿಗೆ ಬಂದಿದೆ.

ವರ್ಷವಿಡೀ ಅವನನ್ನು ಕಾಪಾಡಿದ ಮಾತು ಅದೊಂದೇ. ಅದೂ ಮುಗಿಯಿತು. ಇನ್ನು ಹೇಳಲಿಕ್ಕೆ ಉಳಿದದ್ದು ಒಂದೇ, ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

"ನಾ... ಕಾಣ್ಲಿಲ್ಲೆ" ಅಂದ. ಕೋವಿ ಮಡಚಿ ನೋಡಲಿಲ್ಲ ಅಂತ. "ಗುಂಡ್ ಇತ್ತ್ ಅಂತ ಕೋವಿಯವ್ರ್ ಹೇಳಿದ್ರ್. ತೆಗ್ದ್ ಕೊಡ್ಕಿದ್ದಿತ್, ತೆಗಿಲಿಲ್ಲೆ. ಇವತ್ತಿಂದೂ ಕಾಣ್ಲಿಲ್ಲೆ."

ರಾಟೆ ನಿಂತಿತು. ಕಡಲಿನ ಧೋ ಕೂಡ ನಿಂತಿತು. ಆಮೇಲೆ ಆ ಸ್ವರ, ಬಹಳ ಮೆಲ್ಲ.

"ಹಂಗಾರೆ... ಕಾಣಿ."

ಹೊಯ್ಗೆ ಕಾಲು ಬಿಟ್ಟಿತು. ಓಣಿಯ ತುದಿಯಲ್ಲಿ ಲಾರಿಯ ಬೆಳಕು ಹಾದು ಹೋಯಿತು.

ರಾಜೀವ ನೇರ ಸಿನಿಮಾದವರು ಉಳಿದಿದ್ದ ಬಾಡಿಗೆ ಮನೆಗೆ ಹೋದ. ಸಾಮಾನು ನೋಡಿಕೊಳ್ಳುವವ ಮಧುಸೂದನ ಅಂತ, ಸಾಲಿಗ್ರಾಮದವ. ಅವನನ್ನು ಎಬ್ಬಿಸಿದ.

"ಕೋವಿ ತೆಗಿ."

"ಡಮ್ಮಿ ಅಲ್ದಾ ರಾಜೀವಣ್ಣ, ಬೆಳಿಗ್ಗೆ ಕಾಂಬ."

"ಈಗ ತೆಗಿ."

ಪೆಟ್ಟಿಗೆಯಿಂದ ಬಂದದ್ದು ಅಸಲಿ ಕೋವಿ. ಮಧುಸೂದನ ಅದನ್ನು ಗೋಡೆ ಕಡೆ ತಿರುಗಿಸಿ ಮಡಚಿದ. ಖಟ್. ನಳಿಗೆಯ ಒಳಗೆ ತೋಟೆಯ ಹಿತ್ತಾಳೆ ಹಿಂಬದಿ ಹೊಳೆಯಿತು. ಕೋವಿ ಬಾಡಿಗೆಗೆ ಕೊಟ್ಟವ ಖಾಲಿ ಅಂದಿದ್ದ, ತಂದವ ಡಮ್ಮಿ ಅಂದಿದ್ದ, ಇವ ನೋಡದೆ ಬೀಗ ಹಾಕಿದ್ದ. ತೋಟೆ ಹೊರಗೆ ತೆಗೆದದ್ದು ರಾಜೀವನೇ. ಡೈರೆಕ್ಟರನ್ನು ಎಬ್ಬಿಸಿ ಅಂಗೈ ಮೇಲೆ ಇಟ್ಟು ತೋರಿಸಿದರು. ಕೋವಿಯ ಸೀನು ಅಲ್ಲಿಗೆ ನಿಂತಿತು.

ಬೆಳಕು ಹರಿಯುವ ಮುಂಚೆ ರಾಜೀವ ನನಗೆ ಫೋನು ಮಾಡಿದ. "ವನಜನ ಮನಿಗೆ ಹೋಯ್ಕ್, ಒಬ್ನೇ ಹೋಪುಕೆ ಧೈರ್ಯ ಇಲ್ಲೆ, ಬಾ" ಅಂದ. ನಾನು ಬಸ್ರೂರಿಂದ ಬೈಕಲ್ಲಿ ಬಂದೆ. ಇಬ್ಬರೂ ಹೋದೆವು.

ವನಜ ಜಗಲಿಯಲ್ಲಿ ಕೂತಿದ್ದಳು. ರಾಜೀವ ನಿಂತಲ್ಲೇ ಹೇಳಿದ.

"ರಾತ್ರಿ ನಾ ಸುಳ್ಳ್ ಹೇಳಿದ್ದ್. ಕೋವಿ ಇತ್ತ್. ಯತೀಶನ್ನ ಕಳ್ಸ್ಬೇಡ."

ಅವಳು ಇವನನ್ನು ವಿಚಿತ್ರವಾಗಿ ನೋಡಿದಳು.

"ಅದನ್ನೇ ಎಷ್ಟ್ ಸಲ ಹೇಳ್ತ್ರಿ? ಅವ ಆಗ್ಳೇ ದೋಣಿಗೆ ಹೋದ. ನಾನೇ ಕಳ್ಸ್ದೆ."

"ನಾ ಯಾವಾಗ ಹೇಳಿದೆ?"

"ಇಲ್ಲಿಂದ ಹೋಯಿ ಸ್ವಲ್ಪ ಹೊತ್ತಿಗೇ ತಿರ್ಗಿ ಬಂದ್ರಿ ಅಲ್ದಾ? ದೀಪ ತರ್ತೆ ಅಂದ್ರೆ ಬ್ಯಾಡ ಅಂದ್ರಿ. ಕತ್ತಲಂಗೇ ನಿಂತ್ ಕೋವಿ ಇತ್ತ್ ಅಂದ್ರಿ. ನೀರ್ ಕೇಂಡ್ರಿ, ಕೊಟ್ಟೆ. ಗಟಗಟ ಕುಡ್ದ್ ಚೊಂಬು ಅಲ್ಲಿಟ್ಟ್ ಹೋದ್ರಿ."

ಜಗಲಿಯ ತುದಿ ತೋರಿಸಿದಳು. ಹೌದು, ಅಲ್ಲೊಂದು ಹಿತ್ತಾಳೆ ಚೊಂಬು. ರಾಜೀವ ಮುಟ್ಟಲಿಲ್ಲ. ಹೋಗಿ ಬಗ್ಗಿ ನೋಡಿದವ ನಾನು, ಹಾಗಾಗಿ ನನ್ನ ಹತ್ತಿರ ವಾದ ಮಾಡಬೇಡಿ. ಕಂಠದವರೆಗೆ ನೀರು. ಮೇಲೊಂದು ಇರುವೆ ತೇಲುತ್ತಿದ್ದದ್ದನ್ನೂ ಕಂಡಿದ್ದೇನೆ.