ಓದಿ ಹೇಳುವ ಸೊಸೆ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ, ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ದರ್ಜಿಗೆ ಪಕ್ಕದ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಒಂದೇ ಮನೆಯ ಸೊಸೆಯರು. ಅತ್ತೆ ಡಾಕ್ಟರ ಕೋಣೆಯೊಳಗಿದ್ದರು.

“ಅತ್ತೆಗೆ ಕಣ್ಣೇ ಕಾಣಲ್ಲ. ಆ ವಾರಪತ್ರಿಕೆಗೆ ಇನ್ನೂ ಯಾಕೆ ಚಂದಾ ಕಟ್ತೀಯೆ?” ಎಂದಳು ದೊಡ್ಡವಳು.

“ಅದೊಂದು ಇರಲಿ ಅಕ್ಕ. ಅದರ ಧಾರಾವಾಹೀನ ನಾನೇ ಓದಿ ಹೇಳ್ತೀನಿ.”

“ಓಹೋ, ಅಷ್ಟೊಂದು ಪ್ರೀತಿನಾ?”

“ಕೇಳಿ ಇಲ್ಲಿ. ಕಥೇಲಿ ಅತ್ತೆಯೊಬ್ಬಳು ರಾಣಿ ಥರ ಮನೆ ಆಳ್ತಾಳೆ. ನಾನು ಓದುವಾಗ ಇಲ್ಲದ್ದನ್ನೂ ಸೇರಿಸಿ ಅವಳ ಕಣ್ಣು ಕಳೆದೆ. ಹೋದ ವಾರ, ಊಟಕ್ಕೆ ಹೆಸರಿಟ್ಟಳು ಅಂತ ವೃದ್ಧಾಶ್ರಮಕ್ಕೆ ಸೇರಿಸಿಬಿಟ್ಟೆ.”

“ಅಯ್ಯೋ ಪಾಪಿ! ನಂಬಿದ್ರಾ?”

“ನಂಬದೇ ಏನು? ಆವತ್ತಿಂದ ಹಾಕಿದ್ದನ್ನ ತುಟಿಪಿಟಕ್ ಅನ್ನದೆ ತಿಂತಾರೆ.”

ದೊಡ್ಡವಳು ಸ್ವಲ್ಪ ಹೊತ್ತು ನಕ್ಕಳು. “ಹಾಗಾದ್ರೆ ಮೂರು ವರ್ಷದ್ದು ಒಟ್ಟಿಗೇ ಕಟ್ಟು. ಅರ್ಧ ನಾನು ಕೊಡ್ತೀನಿ.”

ಬಾಗಿಲು ತೆರೆಯಿತು. ಗೋಡೆ ಸವರುತ್ತ ಬಂದ ಹೆಜ್ಜೆಗಳು ದರ್ಜಿಯ ಕಾಲ ಬಳಿ ನಿಂತವು.

“ಚಿಕ್ಕವಳೇ, ಇವತ್ತು ಪತ್ರಿಕೆ ಬರೋ ದಿನ ಅಲ್ವಾ? ಆ ಮುದುಕೀನ ಮನೆಗೆ ವಾಪಸ್ ಕರ್ಕೊಂಡು ಬರ್ತಾರೇನಮ್ಮ?”

“ನೋಡೋಣ ಅತ್ತೆ,” ಚಿಕ್ಕವಳ ದನಿ ಮೆಟ್ಟಿಲ ಕಡೆಗೆ ದೂರವಾಯಿತು. “ಅವಳು ಹೇಗೆ ನಡ್ಕೊತಾಳೋ ಅದರ ಮೇಲಿದೆ.”