ಪೂಜೆಗಿಟ್ಟ ಪ್ಯಾರಾಚೂಟ್

ಒಬ್ಬ ಸಾಹುಕಾರನ ಸಂಗತಿ ಹೇಳುತ್ತೇನೆ. ಯಾವ ಊರಿನವನೆಂದು ಕೇಳಬೇಡಿ, ಕೇಳಿದರೆ ಮಾತು ನಮ್ಮೂರಿಗೇ ಬಂದು ನಿಲ್ಲುತ್ತದೆ. ಅವನಿಗೆ ಆಕಾಶದ ಹುಚ್ಚು. ಎಂಜಿನ್ ಇಲ್ಲದೆ ಗಾಳಿಯ ಮೇಲೆಯೇ ತೇಲುವ ಪುಟ್ಟ ವಿಮಾನವೊಂದನ್ನು ಇಟ್ಟುಕೊಂಡಿದ್ದ. ಅದರಲ್ಲಿ ಕೂರುವವರು ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಳ್ಳಬೇಕು. ವಿಮಾನ ಕೈಕೊಟ್ಟರೆ ಹೊರಗೆ ಹಾರಿ, ಎದೆಯ ಬಳಿಯ ಹಿಡಿಯನ್ನು ಎಳೆದರೆ ಅದು ಅರಳಿ ಜೀವ ಉಳಿಸುತ್ತದೆ. ನೋಡಿ, ಇಡೀ ಆಯುಷ್ಯದಲ್ಲಿ ಅದು ಒಮ್ಮೆಯೂ ಬೇಕಾಗದಿರಬಹುದು. ಬೇಕಾದ ದಿನ ಮಾತ್ರ ಎರಡನೆಯ ಅವಕಾಶವಿಲ್ಲ.

ಸಾಹುಕಾರ ದೈವಭಕ್ತ. ಹಾರುವಾಗ ಪ್ಯಾರಾಚೂಟ್ ಬೆನ್ನಿಗೆ, ಇಳಿದ ಮೇಲೆ ದೇವರ ಮನೆಗೆ. ಶುಕ್ರವಾರ ಶುಕ್ರವಾರ ಅದಕ್ಕೆ ತೀರ್ಥದ ಪ್ರೋಕ್ಷಣೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮ, ಮೇಲೆ ಹೋಳು ಮಾಡಿದ ನಿಂಬೆಹಣ್ಣು. ಬಿಚ್ಚಿ ನೋಡಿದ್ದನೇ? ಇಲ್ಲ. ಆಪತ್ತಿಗೆಂದು ಇಟ್ಟದ್ದನ್ನು ಸುಮ್ಮನೆ ಬಿಚ್ಚಿದರೆ ಆಪತ್ತನ್ನು ಕರೆದಂತೆ ಎಂದು ಅವನ ನಂಬಿಕೆ. ಎಂಟು ವರ್ಷ ಪೂಜೆ ತಪ್ಪಲಿಲ್ಲ, ಎಂಟು ವರ್ಷ ಬಿಚ್ಚಲಿಲ್ಲ.

ಅವನಿಗೊಬ್ಬಳೇ ಮಗಳು. ಅವಳೂ ಹಾರಾಟ ಕಲಿತಳು. ಮೊದಲ ಸಲ ಒಬ್ಬಳೇ ಹಾರುವ ದಿನ ಬಂದಾಗ ತಂದೆ ತನ್ನ ಪ್ಯಾರಾಚೂಟನ್ನೇ ಅವಳ ಬೆನ್ನಿಗೆ ಕಟ್ಟಿದ. ಮೈದಾನದಲ್ಲಿ ಪ್ಯಾರಾಚೂಟ್ ಮಡಿಸುವ ಕೆಲಸದ ಮುದುಕನೊಬ್ಬನಿದ್ದ. ಅವಳಿಗೆ ಕೈ ಅಡ್ಡ ಹಿಡಿದ.

“ನಿಲ್ಲವ್ವ. ಇದರ ಚೀಟಿ ಎಲ್ಲಿ?”

ಬಿಚ್ಚಿ, ಗಾಳಿಗೆ ಹರವಿ, ಮತ್ತೆ ಮಡಿಸಿದ ತಾರೀಖನ್ನು ಆ ಚೀಟಿಯಲ್ಲಿ ಬರೆಯುತ್ತಾರೆ. ಮುದುಕ ಕಣ್ಣಿನ ಹತ್ತಿರ ಹಿಡಿದು ಓದಿದ.

“ಯಜಮಾನ್ರೇ, ವರ್ಷಕ್ಕೊಂದ್ಸಲ ಬಿಚ್ಚಬೇಕು, ಎಂಟು ವರ್ಷ ಆಗೈತೆ. ಅಲ್ದೆ ಇದು ಹುಟ್ಟಿ ಇಪ್ಪತ್ತೊಂದು ವರ್ಷ. ಇಪ್ಪತ್ತಕ್ಕೆ ಆಯಸ್ಸು ಮುಗೀತು ಅಂತ ಮಾಡಿದೋರೇ ಬರೆದವ್ರೆ.”

“ಒಂದ್ಸಲಾನೂ ಬಳಸೇ ಇಲ್ಲ ಕಣಯ್ಯ. ಹೊಸದರ ಹಾಗೇ ಇದೆ.”

“ಮಲಗೇ ಇದ್ರೂ ವಯಸ್ಸಾಗಲ್ವಾ? ನಮ್ಮ ಮಾವ ಒಂದು ದಿನ ದುಡಿದೋರಲ್ಲ, ತಲೆ ನೆರೀದೆ ಬಿಡ್ಲಿಲ್ಲ.”

ಸುತ್ತಲಿದ್ದವರು ನಕ್ಕರು. ಸಾಹುಕಾರನಿಗೆ ಸಿಟ್ಟು ಬಂತು. “ದೇವರ ಮನೇಲಿದ್ದದ್ದಕ್ಕೆ ನಿನ್ನ ಚೀಟಿ ಬೇಕೇನಯ್ಯ? ನನ್ನ ಮಗಳನ್ನ ದೇವರು ಕಾಯ್ತಾನೆ.”

“ಕಾಯ್ತಾನೆ. ಅದಕ್ಕೇ ನನ್ನನ್ನ ಇಲ್ಲಿ ನಿಲ್ಲಿಸವ್ನೆ.”

ಮಗಳು ಇಬ್ಬರನ್ನೂ ನೋಡಿದಳು. “ಅಪ್ಪಾಜಿ, ಇಲ್ಲೇ ಒಂದ್ಸಲ ಎಳೀತೀನಿ” ಅಂದವಳು, ತಂದೆ ಬೇಡ ಅನ್ನುವ ಮೊದಲೇ ಹಿಡಿ ಎಳೆದಳು.

ಏನಾಯಿತು? ಏನೂ ಆಗಲಿಲ್ಲ. ಮತ್ತೆ ಎಳೆದಳು. ಚೀಲದ ಬಾಯಿ ತೆರೆಯಿತು, ಬಟ್ಟೆ ಬರಲಿಲ್ಲ. ಮುದುಕ ಬೆರಳು ಹಾಕಿ ಈಚೆ ತೆಗೆದ. ತೀರ್ಥದ ತೇವಕ್ಕೆ ಮಡಿಕೆ ಮಡಿಕೆಯೂ ಬೂಷ್ಟು ಹಿಡಿದು ಅಂಟಿತ್ತು. ಹಗ್ಗಗಳನ್ನು ಕಟ್ಟಿಟ್ಟ ರಬ್ಬರ್ ಬ್ಯಾಂಡುಗಳು ಕರಗಿ ಅವಕ್ಕೇ ಮೆತ್ತಿದ್ದವು. ನಿಂಬೆಯ ಹುಳಿ ಇಳಿದ ಕಡೆ ಹೆಬ್ಬೆರಳು ಒತ್ತಿದರೆ ಬಟ್ಟೆ ಒಣ ಬಾಳೆಲೆಯಂತೆ ಸೀಳಿಹೋಯಿತು.

ಸಾಹುಕಾರ ಮಗಳ ಎರಡೂ ಕೈ ಹಿಡಿದುಕೊಂಡವನು ಬಿಡಲೇ ಇಲ್ಲ. “ನೆಲದ ಮೇಲೆ ಎಳೆದೆಯಲ್ಲ ತಾಯಿ, ನೆಲದ ಮೇಲೆ ಎಳೆದೆಯಲ್ಲ” ಎಂದು ಅದನ್ನೇ ಹೇಳಿದ. ಹದಿನೈದು ದಿನದ ಮೇಲೆ ಅವಳು ಹೊಸದೊಂದನ್ನು ಕಟ್ಟಿಕೊಂಡು ಹಾರಿದಳು, ಸುಖವಾಗಿ ಇಳಿದಳು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಪೂಜೆ ಮಾಡಿದ್ದು ತಪ್ಪೇ? ಅಲ್ಲ. ಬಿಚ್ಚಿ ನೋಡದೆ ಮಾಡಿದ್ದು ತಪ್ಪು. ನಿಮಗೂ ಹಿರಿಯರು ಒಂದು ಪ್ರಾರ್ಥನೆ ಕೊಟ್ಟಿದ್ದಾರೆ. ಗಂಡಾಂತರದ ದಿನ ಅದು ಕಾಯುತ್ತದೆಂದು ನಂಬಿದ್ದೀರಿ. ಅದರ ಅರ್ಥ ಬಿಡಿಸಿ ನೋಡಿ ಎಷ್ಟು ವರ್ಷವಾಯಿತು? ಬಾಯಿ ಹೇಳುತ್ತಿರುತ್ತದೆ, ಮನಸ್ಸು ಕುಕ್ಕರಿನ ಸೀಟಿ ಎಣಿಸುತ್ತಿರುತ್ತದೆ. ಅಂಥದ್ದನ್ನು ಕಷ್ಟದ ದಿನ ಎಳೆದರೆ ಏನು ಬರುತ್ತದೆ? ಬಾಯಿಪಾಠ ಬರುತ್ತದೆ, ಧೈರ್ಯ ಬರುವುದಿಲ್ಲ.

ಹೆದರಬೇಡಿ. ನಾವೆಲ್ಲ ಇನ್ನೂ ನೆಲದ ಮೇಲೇ ಇದ್ದೇವೆ, ಇದು ದೊಡ್ಡ ಕೃಪೆ. ನಾಳೆ ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಪ್ರಾರ್ಥನೆಯ ಒಂದೇ ಸಾಲು ತೆಗೆದುಕೊಳ್ಳಿ. ನೂರೆಂಟು ಸಲ ಬೇಡ, ಒಂದೇ ಸಲ, ನಿಧಾನವಾಗಿ. ‘ಕ್ಷಮಿಸು’ ಎಂಬ ಮಾತು ಬಂದಲ್ಲಿ ನಿಲ್ಲಿ. ನೀವು ಕ್ಷಮಿಸದೆ ಬಿಟ್ಟವರ ಮುಖ ನೆನೆಯಿರಿ. ಆಮೇಲೆ ಎದ್ದು ಅವರಿಗೆ ಫೋನು ಮಾಡಿ, ‘ತಿಂಡಿ ಆಯ್ತಾ’ ಎಂದು ಕೇಳಿ. ನಾಳೆಗೆ ಅಷ್ಟು ಸಾಕು. ನಾಡಿದ್ದು ಮುಂದಿನ ಸಾಲು.